ಆಟದ ಮೈದಾನಕ್ಕೆ ಮುಪ್ಪು ಉಂಟೆ?

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ಕಣ್ಣಾರೆ ಕಂಡವರಿಗಿಂತ ಕಿವಿಯಾರೆ ಕೇಳಿದವರೇ ನಮ್ಮ ನಾಡಿನಲ್ಲಿ ಹೆಚ್ಚು. ಹಾಸನ, ಶಿವಮೊಗ್ಗ, ದಾವಣಗೆರೆ, ಗದಗಗಳ ಮನೆಗಳಲ್ಲಿ ರೇಡಿಯೋ ಮುಂದೆ ಕುಳಿತು ವೀಕ್ಷಕ ವಿವರಣೆ ಕೇಳಿದವರಿಗೆ, ಒಮ್ಮೆಯೂ ಅಲ್ಲಿಗೆ ಹೋಗದಿದ್ದರೂ, ಪೆವಿಲಿಯನ್ ತುದಿ ಯಾವುದು, ಬಿ.ಇ.ಎಂ.ಎಲ್. ತುದಿ ಯಾವುದು ಎಂಬುದು ಗೊತ್ತು. ಹೀಗೆ ಕಂಡವರಿಗೂ ಕೇಳಿದವರಿಗೂ ಸಮಾನವಾಗಿ ಸಲ್ಲುವ ಈ ಮೈದಾನದ ವಿಷಯದಲ್ಲಿ ಈಗ ಒಂದು ಪ್ರಶ್ನೆ ಎದ್ದಿದೆ. ಐವತ್ತು ವರ್ಷ ದಾಟಿದ ಈ ಕ್ರೀಡಾಂಗಣದಲ್ಲಿ ಇನ್ನು ಮುಂದೆಯೂ ದೊಡ್ಡ ಅಂತರರಾಷ್ಟ್ರೀಯ ಪಂದ್ಯಗಳನ್ನು ನಡೆಸಬಹುದೆ, ಕೂಡದೆ?

ಇದು ಬರಿಯ ಅಭಿಮಾನದ ಪ್ರಶ್ನೆಯಾಗಿದ್ದರೆ ಉತ್ತರ ಸುಲಭವಾಗಿತ್ತು. ‘ನಮ್ಮ ಮೈದಾನ, ನಮ್ಮ ಪಂದ್ಯ’ ಎಂದುಬಿಟ್ಟರೆ ಆಗುತ್ತಿತ್ತು. ಆದರೆ 2025ರ ಜೂನ್ 4ರ ಸಂಜೆ ಅದರ ಬಾಗಿಲುಗಳ ಮುಂದೆ ಹನ್ನೊಂದು ಜನ ಪ್ರಾಣ ಕಳೆದುಕೊಂಡ ಮೇಲೆ ಅಷ್ಟು ಹೇಳಿ ಸುಮ್ಮನಾಗುವಂತಿಲ್ಲ. ಹಾಗೆಂದು ‘ಹಳೆಯದಾಯಿತು, ಬಿಡಿ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದೂ ವಿವೇಕವೆನಿಸದು. ಯಾವ ವರ್ಷ ಯಾವ ಪಂದ್ಯಕ್ಕೆ ಅನುಮತಿ ದೊರೆಯಿತು, ಯಾವುದಕ್ಕೆ ತಪ್ಪಿತು ಎಂಬುದು ದಿನಪತ್ರಿಕೆಗಳ ವಿಷಯ. ಮೈದಾನವೊಂದು ಯಾವಾಗ ಹಳೆಯದಾಗುತ್ತದೆ, ಹಾಗಾದರೆ ಏನು ಮಾಡಬೇಕು ಎಂಬುದನ್ನು ಚರಿತ್ರೆ ಹೇಳಬಲ್ಲದು. ಅದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಮೊದಲು ಈ ಮೈದಾನ ಹುಟ್ಟಿದ ಬಗೆ. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ 1933ರಲ್ಲಿ ಸ್ಥಾಪಿತವಾಯಿತು. 1941-42ರಲ್ಲಿ ಮೈಸೂರು ತಂಡ ರಣಜಿ ಟ್ರೋಫಿಯ ಅಂತಿಮ ಪಂದ್ಯದವರೆಗೂ ಹೋಗಿ ಮುಂಬಯಿಗೆ ಸೋತಿತು. ತಂಡವಿತ್ತು, ಆಟಗಾರರಿದ್ದರು, ನೋಡುವ ಜನರಿದ್ದರು. ಟೆಸ್ಟ್ ಪಂದ್ಯಕ್ಕೆ ತಕ್ಕ ಮೈದಾನವೊಂದು ಮಾತ್ರ ಇರಲಿಲ್ಲ. ಬೆಂಗಳೂರಿನ ದೊಡ್ಡ ಪಂದ್ಯಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು. ಮುಂಬಯಿ, ಮದರಾಸು, ಕಲ್ಕತ್ತ, ದೆಹಲಿ, ಕಾನ್ಪುರಗಳಿಗೆ ಟೆಸ್ಟ್ ಪಂದ್ಯಗಳು ವಾಡಿಕೆಯಾಗಿದ್ದ ಕಾಲದಲ್ಲಿ, ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರಂಥವರನ್ನು ಭಾರತಕ್ಕೆ ಕೊಟ್ಟ ನಾಡಿನ ರಾಜಧಾನಿಗೆ ಒಂದೂ ಟೆಸ್ಟ್ ಬಂದಿರಲಿಲ್ಲ.

ಈ ಕೊರತೆಯನ್ನು ನೀಗಿಸಲೇಬೇಕೆಂದು ಹಟ ತೊಟ್ಟವರು ಮಂಡ್ಯ ಮೂಲದ ವಕೀಲರಾದ ಎಂ. ಚಿನ್ನಸ್ವಾಮಿಯವರು. ಸಂಸ್ಥೆಗಾಗಿ ನಾಲ್ಕು ದಶಕ ದುಡಿದ ಅವರು 1977ರಿಂದ 1980ರವರೆಗೆ ಭಾರತ ಕ್ರಿಕೆಟ್ ನಿಯಂತ್ರಣ ಮಂಡಲಿಯ ಅಧ್ಯಕ್ಷರೂ ಆಗಿದ್ದರು. ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, ದಂಡಿನ ಪ್ರದೇಶದ ಅಂಚಿನಲ್ಲಿ, ರಾಜ್ಯ ಸರ್ಕಾರದ ನೆರವಿನಿಂದ ಜಾಗ ದೊರೆತು 1970ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. 1972-73ರ ಋತುವಿನಲ್ಲಿ ಅಲ್ಲಿ ಪ್ರಥಮ ದರ್ಜೆಯ ಆಟ ಮೊದಲಾಯಿತು. ಅಂದಿನ ಹೆಸರು ಕೆ.ಎಸ್.ಸಿ.ಎ. ಕ್ರೀಡಾಂಗಣ, ಚಿನ್ನಸ್ವಾಮಿಯವರ ಹೆಸರನ್ನು ಇಟ್ಟದ್ದು ಆಮೇಲೆ.

ಮೈದಾನದ ಅದೃಷ್ಟವೋ ನಾಡಿನ ಅದೃಷ್ಟವೋ, ಶುಭಾರಂಭ ಬಹಳ ಚೆನ್ನಾಗಿಯೇ ಆಯಿತು. 1958-59ರಿಂದ ಹದಿನೈದು ವರ್ಷ ಒಂದೇ ಸಮನೆ ರಣಜಿ ಟ್ರೋಫಿ ಗೆದ್ದುಕೊಂಡು ಬಂದಿದ್ದ ಮುಂಬಯಿ ತಂಡ 1974ರಲ್ಲಿ ಇಲ್ಲಿಗೆ ಉಪಾಂತ್ಯ ಪಂದ್ಯ ಆಡಲು ಬಂದು, ಮೊದಲ ಸರದಿಯ ಹಿನ್ನಡೆಯಿಂದ ಹೊರಬಿದ್ದಿತು. ಅದೇ ಋತುವಿನಲ್ಲಿ ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಿತು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ ಎಂಬುದನ್ನು ನೆನೆದರೆ ಆ ಸಂತೋಷದ ಅಳತೆ ನಿಮಗೆ ಸಿಕ್ಕೀತು.

ಅದೇ ವರ್ಷದ ನವೆಂಬರ್ 22ರಂದು ಮೊದಲ ಟೆಸ್ಟ್. ಎದುರಾಳಿ ವೆಸ್ಟ್ ಇಂಡೀಸ್. ಗೋರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ತಮ್ಮ ಮೊಟ್ಟಮೊದಲ ಟೆಸ್ಟ್ ಆಡಿದ್ದು ಇಲ್ಲಿಯೇ. ಗ್ರೀನಿಜ್ 93 ಮತ್ತು 107 ಹೊಡೆದರು. ನಾಯಕ ಕ್ಲೈವ್ ಲಾಯ್ಡ್ 163 ಹೊಡೆದರು. ರಿಚರ್ಡ್ಸ್ ಮಾತ್ರ ಎರಡು ಸರದಿಗಳಲ್ಲಿಯೂ ಚಂದ್ರಶೇಖರರಿಗೆ ಬಲಿಯಾಗಿ 4 ಮತ್ತು 3 ಓಟಗಳಿಗೆ ಹಿಂದಿರುಗಿದರು. ಭಾರತ 267 ಓಟಗಳಿಂದ ಸೋತಿತು. ಸೋತರೂ ಬೆಂಗಳೂರು ಟೆಸ್ಟ್ ನಗರಗಳ ಪಂಕ್ತಿಯಲ್ಲಿ ಕುಳಿತಂತಾಯಿತು. ರಿಚರ್ಡ್ಸ್ ಹೆಸರನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಮ್ಮ ಪ್ರಶ್ನೆಗೆ ಅವರ ಊರಿನಿಂದಲೇ ಒಂದು ಸಾಕ್ಷ್ಯ ಬರುತ್ತದೆ.

1976ರ ಅಕ್ಟೋಬರ್ 31ರಂದು ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯ ಆಡಿದ್ದು ಈ ಮೈದಾನದಲ್ಲಿ, ನಮ್ಮವರೇ ಆದ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ. 1977ರ ಆರಂಭದಲ್ಲಿ ಇಂಗ್ಲೆಂಡನ್ನು 140 ಓಟಗಳಿಂದ ಮಣಿಸಿ ಭಾರತ ಇಲ್ಲಿ ಮೊದಲ ಟೆಸ್ಟ್ ಗೆಲುವು ಪಡೆಯಿತು. 1987ರ ಮಾರ್ಚಿನಲ್ಲಿ ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟಿನಲ್ಲಿ, ಚೆಂಡು ಎದ್ದು ಬಿದ್ದು ತಿರುಗುತ್ತಿದ್ದ ನೆಲದ ಮೇಲೆ, 96 ಓಟ ಗಳಿಸಿದರು; ಪಾಕಿಸ್ತಾನ 16 ಓಟಗಳಿಂದ ಗೆದ್ದಿತು. ಇಷ್ಟು ಇತಿಹಾಸವುಳ್ಳ ನೆಲವನ್ನು ಬಿಟ್ಟುಕೊಡಲು ಯಾರಿಗೆ ತಾನೆ ಮನಸ್ಸು ಬಂದೀತು?

ಈಗ ಆ ಕಾಲದ ಬೆಂಗಳೂರನ್ನು ಸ್ವಲ್ಪ ನೆನೆಯಿರಿ. 1971ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 16 ಲಕ್ಷ. ಪಂದ್ಯವೆಂದರೆ ಐದು ದಿನದ ಟೆಸ್ಟ್. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಬರುವವರು ಬೆಳಗ್ಗೆ ಬರುತ್ತಿದ್ದರು, ಊಟ ಮುಗಿಸಿ ಬರುವವರು ಮಧ್ಯಾಹ್ನ ಬರುತ್ತಿದ್ದರು. ಬೇಸರವಾದವರು ಚಹದ ವಿರಾಮಕ್ಕೆ ಎದ್ದು ಹೋಗುತ್ತಿದ್ದರು. ಉಳಿದ ನಾಡು ರೇಡಿಯೋ ಹಚ್ಚಿಕೊಂಡು ಮನೆಯಲ್ಲೇ ಇರುತ್ತಿತ್ತು. ಹೀಗೆ ಜನ ಬರುವುದೂ ಹೋಗುವುದೂ ದಿನದುದ್ದಕ್ಕೂ ಹಂಚಿಹೋಗುತ್ತಿದ್ದುದರಿಂದ ಬಾಗಿಲುಗಳ ಮೇಲೆ ಒಮ್ಮೆಲೇ ಭಾರ ಬೀಳುತ್ತಿರಲಿಲ್ಲ. ರಸ್ತೆಗೇ ತೆರೆದುಕೊಳ್ಳುವ ಬಾಗಿಲುಗಳು ಆ ಕಾಲದ ಆ ಊರಿನ ಆ ಬಗೆಯ ಆಟಕ್ಕೆ ಸಾಕಾಗಿದ್ದವು.

ಬದಲಾವಣೆ ಬಂದದ್ದು ಬೆಳಕಿನ ರೂಪದಲ್ಲಿ. 1996ರ ವಿಶ್ವಕಪ್ಪಿಗಾಗಿ ಇಲ್ಲಿ ಹೊನಲು ಬೆಳಕಿನ ಕಂಬಗಳು ನಿಂತವು. ಆ ವರ್ಷದ ಮಾರ್ಚ್ 9ರ ರಾತ್ರಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ನಡೆದ ಎಂಟರ ಘಟ್ಟದ ಪಂದ್ಯವನ್ನು ಮರೆತವರಿಲ್ಲ. ಅಜಯ್ ಜಡೇಜ 25 ಎಸೆತಗಳಲ್ಲಿ ಹೊಡೆದ 45, ಆಮೀರ್ ಸೊಹೇಲರ ಕೆಣಕಿಗೆ ಮರುಚೆಂಡಿನಲ್ಲೇ ವೆಂಕಟೇಶ್ ಪ್ರಸಾದ್ ಕೊಟ್ಟ ಉತ್ತರ, ಭಾರತದ 39 ಓಟಗಳ ಗೆಲುವು ಎಲ್ಲವೂ ನೆನಪಿನಲ್ಲಿವೆ. 2008ರ ಏಪ್ರಿಲ್ 18ರಂದು ಐ.ಪಿ.ಎಲ್. ಎಂಬ ಇಪ್ಪತ್ತು ಓವರುಗಳ ಹಬ್ಬದ ಮೊದಲ ಪಂದ್ಯವೂ ಇಲ್ಲಿಯೇ ನಡೆಯಿತು. ಅಂದಿನಿಂದ ಆಟದ ಗಡಿಯಾರವೇ ಬೇರೆಯಾಯಿತು. ಸುಮಾರು 35,000 ಜನ ಒಂದೆರಡು ಗಂಟೆಗಳೊಳಗೆ, ಕಚೇರಿ ಬಿಡುವ ಹೊತ್ತಿಗೇ, ಬಂದು ಸೇರಬೇಕು. ರಾತ್ರಿ ಆಟ ಮುಗಿದ ಕ್ಷಣದಲ್ಲಿ ಎಲ್ಲರೂ ಒಟ್ಟಿಗೇ ಹೊರಡಬೇಕು. ಈ ನಡುವೆ ನಗರದ ಜನಸಂಖ್ಯೆ 2011ರ ಜನಗಣತಿಯ ವೇಳೆಗೆ 85 ಲಕ್ಷದ ಹತ್ತಿರ ಬಂದಿತ್ತು. ಆಸನಗಳು ಅಷ್ಟೇ, ಬಾಗಿಲುಗಳು ಅವೇ, ರಸ್ತೆಗಳೂ ಅವೇ.

ಆಡಳಿತ ನಡೆಸಿದವರು ಕೈಕಟ್ಟಿ ಕುಳಿತಿದ್ದರೆಂದು ಹೇಳುವಂತಿಲ್ಲ. 2015ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ಎದುರಿನ ಟೆಸ್ಟಿನ ನಾಲ್ಕು ದಿನಗಳು ಮಳೆಗೆ ಆಹುತಿಯಾದವು. ಅನಂತರ 2017ರಲ್ಲಿ ಹುಲ್ಲಿನ ಅಡಿಯಿಂದ ನೀರನ್ನು ಯಂತ್ರಬಲದಿಂದ ಹೀರಿ ತೆಗೆಯುವ ವ್ಯವಸ್ಥೆ ಇಲ್ಲಿಗೆ ಬಂದಿತು. ಪ್ರಪಂಚದ ಬೇರಾವ ಅಂತರರಾಷ್ಟ್ರೀಯ ಕ್ರಿಕೆಟ್ ಮೈದಾನದಲ್ಲಿಯೂ ಆಗ ಅದು ಇರಲಿಲ್ಲ. ಅದಕ್ಕೂ ಮೊದಲೇ ಛಾವಣಿಯ ಮೇಲೆ ಸೂರ್ಯನ ಬಿಸಿಲಿನಿಂದ ವಿದ್ಯುತ್ತು ತಯಾರಿಸುವ ಫಲಕಗಳು ಏರಿದ್ದವು. ಗೋಡೆಯ ಒಳಗೆ ಮೈದಾನ ವರ್ಷದಿಂದ ವರ್ಷಕ್ಕೆ ಚಿಕ್ಕ ಪ್ರಾಯದ್ದಾಗುತ್ತಲೇ ಬಂದಿತು. ಗೋಡೆಯ ಹೊರಗೆ, ಜನ ನಿಲ್ಲಬೇಕಾದ ಜಾಗದಲ್ಲಿ, ಅದಕ್ಕೆ ವಯಸ್ಸಾಗುತ್ತ ಹೋಯಿತು.

ನಮ್ಮ ಹಿರಿಯರು ತೇರು ಎಳೆಯುವ ಊರುಗಳಲ್ಲಿ ಮೊದಲು ರಥಬೀದಿ ಬಿಡುತ್ತಿದ್ದರು. ಉಡುಪಿಯಲ್ಲಿ ನೋಡಿ, ನಂಜನಗೂಡಿನಲ್ಲಿ ನೋಡಿ. ಗರ್ಭಗುಡಿಯೊಳಗೆ ಹಿಡಿಸುವವರು ಕೆಲವೇ ಜನ. ಆದರೆ ಜಾತ್ರೆಯ ದಿನ ಸಾವಿರಾರು ಮಂದಿ ಸೇರುತ್ತಾರೆ, ತೇರು ತಿರುಗಬೇಕು, ಮುಂದಿದ್ದವರು ಹಿಂದಕ್ಕೆ ಸರಿಯಲು ಎಡೆ ಬೇಕು ಎಂಬುದು ಅವರಿಗೆ ತಿಳಿದಿತ್ತು. ಚಿನ್ನಸ್ವಾಮಿ ಮೈದಾನಕ್ಕೆ ಗರ್ಭಗುಡಿ ಉಂಟು, ರಥಬೀದಿ ಇಲ್ಲ. ಅದರ ಬಾಗಿಲುಗಳ ಹೊರಗೆ ಕೂಡಲೇ ಫುಟ್‌ಪಾತು, ಅದರಾಚೆಗೆ ಕೂಡಲೇ ವಾಹನಗಳು ಓಡಾಡುವ ರಸ್ತೆ. ಸಾಲು ನಿಲ್ಲುವುದಕ್ಕೆ ಅದರದೇ ಆದ ಅಂಗಳವಿಲ್ಲ.

ಇದರ ಸೂಚನೆಗಳು ಮೊದಲೇ ಕಾಣಿಸಿಕೊಂಡಿದ್ದವು. 2010ರ ಏಪ್ರಿಲ್ 17ರಂದು ಪಂದ್ಯಕ್ಕೆ ಮುಂಚೆ ಮೈದಾನದ ಹೊರಗೋಡೆಯ ಬಳಿ ಬಾಂಬುಗಳು ಸಿಡಿದು ಕೆಲವರು ಗಾಯಗೊಂಡರು. ಇಲ್ಲಿ ನಡೆಯಬೇಕಿದ್ದ ಉಪಾಂತ್ಯ ಪಂದ್ಯಗಳು ನವಿ ಮುಂಬಯಿಗೆ ಹೋದವು. 2011ರ ಫೆಬ್ರವರಿಯಲ್ಲಿ ವಿಶ್ವಕಪ್ಪಿನ ಭಾರತ–ಇಂಗ್ಲೆಂಡ್ ಪಂದ್ಯದ ಟಿಕೆಟ್ಟಿಗಾಗಿ ರಸ್ತೆಯಲ್ಲಿ ಕಾದಿದ್ದವರ ಮೇಲೆ ಲಾಠಿ ಪ್ರಹಾರವಾಯಿತು. ಆ ಪಂದ್ಯ ಎರಡೂ ಕಡೆ 338 ಓಟಗಳಾಗಿ ಸಮವಾದದ್ದು ನಮಗೆ ನೆನಪಿದೆ. ಲಾಠಿಯ ಸಂಗತಿ ನೆನಪಿಲ್ಲ. ಎರಡು ಸಲವೂ ತೊಂದರೆ ಹುಟ್ಟಿದ್ದು ಗೋಡೆಯ ಹೊರಗೆ.

ಮೂರನೆಯ ಸಲ ಬಂದದ್ದು ಬರಿಯ ಸೂಚನೆಯಾಗಿರಲಿಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ ಹದಿನೆಂಟು ಋತುಗಳಲ್ಲಿ ಮೊದಲ ಬಾರಿಗೆ ಐ.ಪಿ.ಎಲ್. ಗೆದ್ದಿತು. ಮರುದಿನವೇ ವಿಜಯೋತ್ಸವ. ಸುಮಾರು 35,000 ಜನ ಹಿಡಿಸುವ ಮೈದಾನದ ಸುತ್ತ ಎರಡು ಮೂರು ಲಕ್ಷ ಜನ ಸೇರಿದರೆಂದು ಅಂದು ಸರ್ಕಾರವೇ ಅಂದಾಜು ಹೇಳಿತು. ಬಾಗಿಲುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಜನ ಮಡಿದರು. ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹೆಚ್ಚಿನವರು ಎಳೆಯ ಪ್ರಾಯದವರು. ಗೆದ್ದ ಸಂತೋಷದಲ್ಲಿ ಪಾಲುಗೊಳ್ಳಲು ಮನೆಯಿಂದ ಹೊರಟವರು, ಮೈದಾನದ ಹುಲ್ಲನ್ನು ಕಾಣುವ ಮೊದಲೇ ಉಸಿರುಕಟ್ಟಿ ಹೋದರು. ಯಾರ ಹೊಣೆ ಎಷ್ಟು ಎಂಬುದು ನ್ಯಾಯಾಲಯಗಳು ತೀರ್ಮಾನಿಸತಕ್ಕ ವಿಷಯ. ಅದನ್ನು ಇಲ್ಲಿ ಎತ್ತುವುದಿಲ್ಲ.

ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಅವರ ವಿಚಾರಣಾ ಆಯೋಗ 2025ರ ಜುಲೈಯಲ್ಲಿ ವರದಿ ಸಲ್ಲಿಸಿತು. ಕ್ರೀಡಾಂಗಣದ ವಿನ್ಯಾಸವೇ ಭಾರಿ ಜನಸಂದಣಿಗೆ ತಕ್ಕುದಲ್ಲ, ಸುರಕ್ಷಿತವೂ ಅಲ್ಲ. ಸಾರ್ವಜನಿಕ ರಸ್ತೆಯಿಂದ ಬೇರೆಯಾದ ಸಾಲಿನ ಜಾಗ, ಸಾಕಷ್ಟು ಬಾಗಿಲುಗಳು, ತುರ್ತು ಸಮಯದಲ್ಲಿ ತೆರವಾಗುವ ಏರ್ಪಾಡು ಇಂಥವೆಲ್ಲ ಇರುವ ಸ್ಥಳಕ್ಕೆ ದೊಡ್ಡ ಸಮಾರಂಭಗಳು ಹೋಗಬೇಕು ಎಂಬುದು ಅದರ ಅಭಿಪ್ರಾಯ. ಅದೇ ವರ್ಷ ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿಗೆ ತಪ್ಪಿಹೋಗಿ, ಅದರ ಜಾಗಕ್ಕೆ ನವಿ ಮುಂಬಯಿ ಬಂದಿತು. ನವೆಂಬರ್ 2ರಂದು ಅಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು ಸೋಲಿಸಿ ಮೊದಲ ಬಾರಿ ವಿಶ್ವಕಪ್ ಎತ್ತಿದರು. 1976ರಲ್ಲಿ ಅವರ ಟೆಸ್ಟ್ ಪಯಣ ಆರಂಭವಾದ ಮೈದಾನ ಅಂದು ಬಾಗಿಲು ಮುಚ್ಚಿಕೊಂಡಿತ್ತು.

ಇನ್ನು ವಾದಕ್ಕೆ ಬರೋಣ. ಉಳಿಸಿಕೊಳ್ಳಬೇಕೆನ್ನುವವರು ಹೇಳುತ್ತಾರೆ: ಜೂನ್ 4ರಂದು ನಡೆದದ್ದು ಪಂದ್ಯವಲ್ಲ, ಮೆರವಣಿಗೆಯ ಗೊಂದಲ, ಐವತ್ತು ವರ್ಷ ಪಂದ್ಯಗಳು ಸುಸೂತ್ರವಾಗಿ ನಡೆದಿವೆ. ಈ ಮಾತಿನಲ್ಲಿ ಸತ್ಯವಿದೆ. ಬಿಡಬೇಕೆನ್ನುವವರು ಹೇಳುತ್ತಾರೆ: ಹೊಸ ಕಾಲಕ್ಕೆ ಹೊಸ ಮೈದಾನ ಬೇಕು, ನಗರದ ಹೊರಗೆ ವಿಶಾಲವಾಗಿ ಕಟ್ಟೋಣ. ಇದರಲ್ಲಿಯೂ ಸತ್ಯವಿದೆ. ಬೇರೆ ಊರುಗಳು ಇದೇ ಪ್ರಶ್ನೆಯನ್ನು ಎದುರಿಸಿ ಏನು ಮಾಡಿದವು ಎಂದು ಕೇಳಿದರೆ ಎರಡು ಮಾತುಗಳ ಬೆಲೆಯೂ ತಿಳಿಯುತ್ತದೆ.

ವಯಸ್ಸೇ ಅಳತೆಯಾದರೆ ಲಂಡನ್ನಿನ ಲಾರ್ಡ್ಸ್ ಮೈದಾನವನ್ನು ಎಂದೋ ಮುಚ್ಚಬೇಕಾಗಿತ್ತು. ಅದು ಈಗಿರುವ ಜಾಗಕ್ಕೆ ಬಂದದ್ದು 1814ರಲ್ಲಿ. ಅದರ ಪೆವಿಲಿಯನ್ ಕಟ್ಟಡ 1890ರದು. ಆದರೂ ಅಲ್ಲಿ ದೊಡ್ಡ ಪಂದ್ಯಗಳು ನಡೆಯುತ್ತಲೇ ಇವೆ. ಪೆವಿಲಿಯನ್ನನ್ನು ಹಾಗೆಯೇ ಉಳಿಸಿಕೊಂಡು, ಸುತ್ತಲಿನ ಗ್ಯಾಲರಿಗಳನ್ನು ಒಂದೊಂದಾಗಿ ಕೆಡವಿ ಕಟ್ಟುತ್ತ ಬಂದದ್ದೇ ಅದರ ಗುಟ್ಟು. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಒಂದು ವರ್ಷ ಹೆಂಚು, ಇನ್ನೊಂದು ವರ್ಷ ತೊಲೆ ಬದಲಾಯಿಸುತ್ತಿದ್ದ ಹಾಗೆ.

ಕಲ್ಕತ್ತದ ಈಡನ್ ಗಾರ್ಡನ್ಸ್ ಕಥೆ ಇದಕ್ಕಿಂತ ಕಹಿಯಾದದ್ದು. 1967ರ ಜನವರಿ 1ರಂದು, ವೆಸ್ಟ್ ಇಂಡೀಸ್ ಎದುರಿನ ಟೆಸ್ಟಿನಲ್ಲಿ, ಜಾಗಕ್ಕೆ ಮೀರಿ ಜನ ಸೇರಿದ್ದರಿಂದ ದೊಂಬಿಯಾಗಿ ಇಡೀ ದಿನದ ಆಟ ನಿಂತುಹೋಯಿತು. 1969ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಎದುರಿನ ಟೆಸ್ಟಿಗೆ ಬೆಳಗಿನ ಜಾವ ಟಿಕೆಟ್ಟಿನ ಸಾಲಿನಲ್ಲಿ ನಿಂತವರಲ್ಲಿ ಆರು ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಗಮನಿಸಿ, ಅದೂ ಮೈದಾನದ ಹೊರಗೆಯೇ. 1980ರ ಆಗಸ್ಟ್ 16ರಂದು ಅಲ್ಲಿಯೇ ಕಾಲ್ಚೆಂಡಿನ ಪಂದ್ಯವೊಂದರಲ್ಲಿ ಹದಿನಾರು ಜನ ಪ್ರಾಣ ಕಳೆದುಕೊಂಡರು. ಈಡನ್ ಮುಚ್ಚಲಿಲ್ಲ. 1984ರಲ್ಲಿ ಸಾಲ್ಟ್ ಲೇಕಿನ ಕ್ರೀಡಾಂಗಣ ತೆರೆದ ಮೇಲೆ ಕಾಲ್ಚೆಂಡಿನ ದೊಡ್ಡ ಪಂದ್ಯಗಳು ಅಲ್ಲಿಗೆ ಹೋದವು. 2011ರ ವಿಶ್ವಕಪ್ಪಿಗಾಗಿ ಈಡನ್ನನ್ನು ಪುನಃ ಕಟ್ಟಿದಾಗ, ಹತ್ತಿರ ಹತ್ತಿರ ಒಂದು ಲಕ್ಷವಿದ್ದ ಪ್ರೇಕ್ಷಕರ ಸಂಖ್ಯೆಯನ್ನು 70,000ಕ್ಕೂ ಕೆಳಗೆ ಇಳಿಸಿದರು. ಆ ಕೆಲಸ ಹೊತ್ತಿಗೆ ಮುಗಿಯದೆ, ಅಲ್ಲಿ ಆಗಬೇಕಿದ್ದ ಭಾರತ–ಇಂಗ್ಲೆಂಡ್ ಪಂದ್ಯ ಕೈತಪ್ಪಿತು. ಅದು ಬಂದದ್ದು ಬೆಂಗಳೂರಿಗೆ. ಮೇಲೆ ಹೇಳಿದ 338ರ ಪಂದ್ಯ ಅದೇ. ಹಳೆಯ ಮೈದಾನವನ್ನು ಉಳಿಸಿಕೊಳ್ಳಬೇಕಾದರೆ ಕೊಡಬೇಕಾದ ಬೆಲೆಯನ್ನು ಕಲ್ಕತ್ತ ಹೀಗೆ ಎರಡು ಕಂತಿನಲ್ಲಿ ಕೊಟ್ಟಿತು: ಮೂವತ್ತು ಸಾವಿರದಷ್ಟು ಆಸನಗಳು, ಮತ್ತು ಒಂದು ಪಂದ್ಯದ ಪ್ರತಿಷ್ಠೆ.

ಮುಂಬಯಿಯಲ್ಲಿ ನಡೆದದ್ದು ಇನ್ನೊಂದು ಬಗೆ. 1937ರಲ್ಲಿ ತೆರೆದ ಬ್ರೆಬೋರ್ನ್ ಕ್ರೀಡಾಂಗಣ ದೇಶಕ್ಕೇ ಮಾದರಿಯಾಗಿತ್ತು. ಅದರ ಒಡೆಯರಾದ ಕ್ರಿಕೆಟ್ ಕ್ಲಬ್ಬಿಗೂ ಮುಂಬಯಿಯ ಕ್ರಿಕೆಟ್ ಸಂಸ್ಥೆಗೂ ಟಿಕೆಟ್ಟುಗಳ ಹಂಚಿಕೆಯಲ್ಲಿ ಜಗಳವಾಗಿ, ಸಂಸ್ಥೆಯವರು ಸ್ವಲ್ಪವೇ ದೂರದಲ್ಲಿ ವಾಂಖೆಡೆ ಕ್ರೀಡಾಂಗಣ ಕಟ್ಟಿದರು. 1975ರ ಜನವರಿಯಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆಯಿತು. ಬ್ರೆಬೋರ್ನಿಗೆ 1973ರ ಅನಂತರ ಮತ್ತೆ ಟೆಸ್ಟ್ ಬಂದದ್ದು 2009ರಲ್ಲಿ. ಅದು ಬಿದ್ದುಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ಮೈದಾನ ಹಳೆಯದಾಯಿತು ಎಂಬ ಮಾತು ಕೇಳಿದಾಗ, ಅದರ ಹಿಂದೆ ಬೇರೆ ಲೆಕ್ಕಗಳೂ ಇರಬಹುದೆಂದು ಓದುಗರು ಅನುಮಾನಿಸಿದರೆ ತಪ್ಪಿಲ್ಲ.

ದುರಸ್ತಿಯನ್ನು ಮುಂದೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕಾಲ್ಚೆಂಡಿನ ಚರಿತ್ರೆ ಸಾಕ್ಷಿ. 1971ರಲ್ಲಿ ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ, ಆಟ ಮುಗಿದು ಜನ ಹೊರಡುವಾಗ, ಒಂದು ಮೆಟ್ಟಿಲ ಸಾಲಿನಲ್ಲಿ 66 ಮಂದಿ ಸತ್ತರು. 1985ರ ಮೇ 11ರಂದು ಬ್ರ್ಯಾಡ್‌ಫರ್ಡಿನ ಹಳೆಯ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಮಂದಿ ಸುಟ್ಟುಹೋದರು. ಆ ಋತು ಮುಗಿದ ಕೂಡಲೇ ಆ ಗ್ಯಾಲರಿಯ ದುರಸ್ತಿ ಆರಂಭವಾಗಬೇಕಿತ್ತು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದ ಹೊರಬಾಗಿಲಲ್ಲಿ ಜನ ಒತ್ತೊತ್ತಾಗಿ ಸೇರಿದರು. ಒತ್ತಡ ತಪ್ಪಿಸಲೆಂದು ದೊಡ್ಡ ಬಾಗಿಲೊಂದನ್ನು ತೆರೆಯಲಾಯಿತು. ಒಳನುಗ್ಗಿದವರ ಒತ್ತಡಕ್ಕೆ ಸಿಕ್ಕಿ ಕೊನೆಗೆ ಒಟ್ಟು 97 ಜೀವಗಳು ಹೋದವು. ಈ ದುರಂತಗಳ ಫಲವಾಗಿ ಅಲ್ಲಿ ಬೆಳೆದ ನಿಯಮಗಳಲ್ಲಿ ಒಂದು ಬಹು ಸರಳವಾದದ್ದು: ಆಟ ಮುಗಿದ ಮೇಲೆ ಪ್ರೇಕ್ಷಕರು ಗ್ಯಾಲರಿಯಿಂದ ಎಂಟು ನಿಮಿಷಗಳೊಳಗೆ ತಡೆಯಿಲ್ಲದ ದಾರಿಗೆ ಬಂದು ಸೇರುವಂತಿರಬೇಕು, ಅಷ್ಟು ಹೊತ್ತಿನಲ್ಲಿ ಎಷ್ಟು ಜನ ಹೊರಬರಬಲ್ಲರೋ ಅದಕ್ಕಿಂತ ಹೆಚ್ಚು ಮಂದಿಯನ್ನು ಒಳಗೆ ಬಿಡಕೂಡದು. ಎಷ್ಟು ಕುರ್ಚಿ ಇದೆ ಎಂಬುದು ಅನಂತರದ ಮಾತು.

ಇನ್ನು ರಿಚರ್ಡ್ಸ್ ಅವರ ಊರಿನ ಸಾಕ್ಷ್ಯ. ವೆಸ್ಟ್ ಇಂಡೀಸಿನ ಆಂಟಿಗ ದ್ವೀಪದಲ್ಲಿ, ಸೇಂಟ್ ಜಾನ್ಸ್ ಪಟ್ಟಣದ ನಡುವೆಯೇ, ರಿಕ್ರಿಯೇಷನ್ ಗ್ರೌಂಡ್ ಎಂಬ ಪುಟ್ಟ ಮೈದಾನವಿದೆ. 1986ರಲ್ಲಿ ರಿಚರ್ಡ್ಸ್ 56 ಎಸೆತಗಳಲ್ಲಿ ಟೆಸ್ಟ್ ಶತಕ ಬಾರಿಸಿದ್ದು, ಬ್ರಯನ್ ಲಾರ 1994ರಲ್ಲಿ 375, 2004ರಲ್ಲಿ ಅಜೇಯ 400 ಓಟ ಪೇರಿಸಿದ್ದು ಅಲ್ಲಿಯೇ. 2007ರ ವಿಶ್ವಕಪ್ಪಿಗೆ ಈ ಹಳೆಯ ಮೈದಾನ ಸಾಲದೆಂದು ಪಟ್ಟಣದ ಹೊರಗೆ ಹೊಸದನ್ನು ಕಟ್ಟಿ ರಿಚರ್ಡ್ಸ್ ಹೆಸರನ್ನೇ ಇಟ್ಟರು. 2009ರ ಫೆಬ್ರವರಿ 13ರಂದು ಆ ಹೊಸ ಮೈದಾನದಲ್ಲಿ ಇಂಗ್ಲೆಂಡಿನ ಎದುರು ಟೆಸ್ಟ್ ಶುರುವಾಯಿತು. ಹತ್ತು ಎಸೆತ ಆಗುವಷ್ಟರಲ್ಲಿ ಆಟ ನಿಂತಿತು. ಬೌಲರುಗಳು ಓಡಿಬರುವ ಜಾಗದ ಮರಳು ಕುಸಿದು ಕಾಲೂರುವುದೇ ಅಸಾಧ್ಯವಾಗಿತ್ತು. ಎರಡು ದಿನ ಕಳೆದು ಫೆಬ್ರವರಿ 15ರಂದು ಹೊಸದಾಗಿ ಟೆಸ್ಟ್ ಆರಂಭವಾದದ್ದು ಎಲ್ಲಿ ಎನ್ನುತ್ತೀರಿ? ನಿವೃತ್ತಿಗೊಳಿಸಿದ್ದ ಆ ಹಳೆಯ ಮೈದಾನದಲ್ಲಿ. ಹೊಸದೆಂಬ ಒಂದೇ ಕಾರಣದಿಂದ ಯಾವುದೂ ಉತ್ತಮವಾಗದು.

ಈ ಕೊನೆಯ ಪಾಠ ನಮಗೆ ಬೇಕಾದೀತು. 2025ರ ಆಗಸ್ಟಿನಲ್ಲಿ, ಬೊಮ್ಮಸಂದ್ರದ ಸೂರ್ಯ ನಗರದಲ್ಲಿ 80,000 ಆಸನಗಳ ಕ್ರೀಡಾಂಗಣದ ಯೋಜನೆಗೆ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ಮನೆ ಕಟ್ಟಿ ನೋಡು ಎಂಬ ಗಾದೆ ಸರ್ಕಾರಕ್ಕೂ ಸಲ್ಲುತ್ತದೆ. 80,000 ಜನ ರಾತ್ರಿ ಹನ್ನೊಂದು ಗಂಟೆಗೆ ಹೊಸೂರು ರಸ್ತೆಯ ಕಡೆಗೆ ಒಟ್ಟಿಗೇ ಹೊರಟರೆ ಹೇಗಿರುತ್ತದೆ ಎಂಬುದನ್ನು ನಕಾಶೆ ಬರೆಯುವಾಗಲೇ ಯೋಚಿಸಬೇಕು. ಚಿನ್ನಸ್ವಾಮಿ ಮೈದಾನದ ಹತ್ತಿರದಲ್ಲಿಯಾದರೋ ಮಹಾತ್ಮಾ ಗಾಂಧಿ ರಸ್ತೆಯ ಮೆಟ್ರೋ ನಿಲ್ದಾಣವಿದೆ, ಕಬ್ಬನ್ ಪಾರ್ಕಿನ ನಿಲ್ದಾಣವಿದೆ. ನಗರದ ನಡುವೆ ಇರುವುದು ದೋಷವೂ ಹೌದು, ಗುಣವೂ ಹೌದು. ಊರಾಚೆಯ ಮೈದಾನಕ್ಕೆ ಸ್ವಂತ ವಾಹನವಿಲ್ಲದ ಹುಡುಗನೂ, ಹೊತ್ತಿಗೆ ಮನೆ ಸೇರಬೇಕಾದ ಹೆಣ್ಣುಮಗಳೂ ಹೋಗುವುದು ಹೇಗೆಂದು ಯಾರಾದರೂ ಕೇಳಲೇಬೇಕು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ನನಗೆ ತೋರುವುದು ಇಷ್ಟು. ಟೆಸ್ಟ್ ಪಂದ್ಯಗಳು, ರಣಜಿ ಪಂದ್ಯಗಳು ಚಿನ್ನಸ್ವಾಮಿ ಮೈದಾನದಲ್ಲಿಯೇ ನಡೆಯಲಿ. ಆ ಬಗೆಯ ಆಟಕ್ಕಾಗಿಯೇ ಅದನ್ನು ಕಟ್ಟಿದ್ದು. ದಿನದುದ್ದಕ್ಕೂ ಹರಡಿ ಬಂದು ಹೋಗುವ ಜನರನ್ನು ಅದು ಇಂದಿಗೂ ತಾಳಬಲ್ಲದು. ರಾತ್ರಿಯ ಪಂದ್ಯಗಳ ಮಾತು ಬೇರೆ. ಅವುಗಳಿಗೆ ಎಷ್ಟು ಟಿಕೆಟ್ ಮಾರಬೇಕೆಂಬುದನ್ನು ಒಳಗಿನ ಕುರ್ಚಿಗಳನ್ನು ಎಣಿಸಿ ಗೊತ್ತುಮಾಡಬಾರದು. ಬಾಗಿಲುಗಳನ್ನೂ ಅವುಗಳ ಮುಂದಿನ ಅಂಗಳವನ್ನೂ ಅಳೆದು ಗೊತ್ತುಮಾಡಬೇಕು. ಅಂಗಳವಿಲ್ಲದ ಕಡೆ ಕೆಳಗಿನ ಕೆಲವು ಸಾಲು ಆಸನಗಳನ್ನು ತೆಗೆದು, ಗೋಡೆಯನ್ನು ಒಳಕ್ಕೆ ಸರಿಸಿ, ಸಾಲು ನಿಲ್ಲಲು ಎಡೆ ಮಾಡಬೇಕು. ಈಡನ್ ಮೂವತ್ತು ಸಾವಿರ ಬಿಟ್ಟುಕೊಟ್ಟಿತು. ನಮ್ಮವರು ಕೆಲವು ಸಾವಿರ ಬಿಟ್ಟುಕೊಟ್ಟರೆ ಮೈದಾನದ ಮಾನಕ್ಕೇನೂ ಕುಂದಿಲ್ಲ. ವರಮಾನಕ್ಕೆ ಕುಂದು ಬರುತ್ತದೆ, ನಿಜ. ಆ ನಷ್ಟವನ್ನು ಹೊರಲು ಒಪ್ಪದವರಿಗೆ ಹಳೆಯ ಮೈದಾನದ ಮೇಲಿನ ಪ್ರೀತಿಯ ಮಾತಾಡುವ ಅಧಿಕಾರವಿಲ್ಲ.

ಈ ಅಳತೆಗೆ ಮೈದಾನ ನಿಂತರೆ ವಿಶ್ವಕಪ್ಪಿನ ಪಂದ್ಯವೂ ಇಲ್ಲಿ ನಡೆಯಬಹುದು. ನಿಲ್ಲದಿದ್ದರೆ, ಅಂಥ ಪಂದ್ಯಗಳನ್ನು ಬೇರೆಡೆಗೆ ಬಿಟ್ಟುಕೊಡುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಟಿಕೆಟ್ಟಿಲ್ಲದೆ ಲೆಕ್ಕವಿಲ್ಲದೆ ಜನ ಸೇರುವ ವಿಜಯೋತ್ಸವಗಳನ್ನಂತೂ, ಮೈದಾನ ಹಳೆಯದಿರಲಿ ಹೊಸದಿರಲಿ, ರಸ್ತೆಗೆ ತೆರೆದ ಬಾಗಿಲುಗಳ ಹಿಂದೆ ಏರ್ಪಡಿಸಲೇಬಾರದು.

ನಿಮ್ಮಲ್ಲಿ ಹೆಚ್ಚಿನವರು ಆ ಮೈದಾನಕ್ಕೆ ಹೋಗುವವರಲ್ಲ, ಮನೆಯಲ್ಲಿ ಕುಳಿತು ಕೇಳುವವರು. ಆದರೆ ನಿಮ್ಮ ಮಗನೋ ಮಗಳೋ, ಓದಿಗೆಂದೋ ಉದ್ಯೋಗಕ್ಕೆಂದೋ ಬೆಂಗಳೂರು ಸೇರಿದವರು, ಒಂದು ಸಂಜೆ ಟಿಕೆಟ್ ಕೊಂಡು ಆ ಸಾಲಿನಲ್ಲಿ ನಿಲ್ಲಬಹುದು. ‘ಈ ಪಂದ್ಯ ನಮ್ಮ ಮೈದಾನದಲ್ಲೇ ಆಗಬೇಕು’ ಎಂದು ನಾವು ಒತ್ತಾಯಿಸುವಾಗ, ಆ ಸಾಲು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಜತೆಯಲ್ಲೇ ಕೇಳುವ ಅಭ್ಯಾಸ ನಮಗಾಗಲಿ. ಆ ಪ್ರಶ್ನೆಗೆ ನಕಾಶೆಯ ಮೇಲೆ ಬೆರಳಿಟ್ಟು ಉತ್ತರ ಹೇಳುವವರು ದೊರೆತ ದಿನ, ಚಿನ್ನಸ್ವಾಮಿ ಮೈದಾನಕ್ಕೆ ಎಷ್ಟು ವಯಸ್ಸಾಯಿತೆಂದು ಲೆಕ್ಕ ಹಾಕುವ ಅಗತ್ಯ ಇರುವುದಿಲ್ಲ.